ಅಮ್ಮನ ಹಿಟ್ಟಿನ ಡಬ್ಬ

ಮಾರ್ಚ್ ೪

ಪ್ರೀತಿಯ ಅಕ್ಕಾ,

ತಲುಪಿದ ದಿನವೇ ಬರೆಯುತ್ತೇನೆ ಎಂದು ಬಸ್ಸು ಹತ್ತುವಾಗ ಹೇಳಿದ್ದೆ. ಇವತ್ತಿಗೆ ಒಂಬತ್ತು ದಿನ. ಬಯ್ಯಬೇಡ. ಫೋನು ಮಾಡಬಹುದಿತ್ತು, ಆದರೆ ನಿನ್ನ ಹೊಲಿಗೆ ಅಂಗಡಿಗೆ ಫೋನು ಬಂದರೆ ಆರೂ ಹುಡುಗಿಯರು ಮಿಶನ್ ನಿಲ್ಲಿಸಿ ಕಿವಿ ಅಗಲಿಸಿಕೊಂಡು ಕೂರುತ್ತಾರೆ. ನನ್ನ ಸಂಸಾರ ಅಷ್ಟು ಜನಕ್ಕೆ ಸಾಲುವುದಿಲ್ಲ.

ಮನೆ ಎರಡನೇ ಮಹಡಿಯಲ್ಲಿ. ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ನಡುವೆ ಕೋಣೆ ಎನ್ನಲೂ ಆಗದ ದಾರಿ ಎನ್ನಲೂ ಆಗದ ಒಂದು ಜಾಗ. ಅಲ್ಲಿ ಗುಂಡನ ತೊಟ್ಟಿಲು. ಇವರ ಬೀಗದ ಅಂಗಡಿ ರಸ್ತೆಯ ತುದಿಗೆ, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ. ಎಷ್ಟು ದೊಡ್ಡದೆಂದರೆ ಗಿರಾಕಿ ಒಳಗೆ ಬಂದರೆ ಇವರು ಹೊರಗೆ ನಿಲ್ಲಬೇಕು. ಆದರೂ ನಮ್ಮದೇ ಬಾಗಿಲು, ನಮ್ಮದೇ ಕೀಲಿ. ಮೊದಲ ದಿನ ಇಬ್ಬರೂ ಸುಮ್ಮನೆ ಮೂರು ಸಲ ಬೀಗ ಹಾಕಿ ತೆಗೆದು ನೋಡಿದೆವು.

ಅಮ್ಮನ ಹಿಟ್ಟಿನ ಡಬ್ಬ ಒಂದು ತಗ್ಗೂ ಬೀಳದೆ ಬಂದಿದೆ. ಆದರೆ ಅಕ್ಕಾ, ಮೊಣಕಾಲೆತ್ತರದ ಡಬ್ಬ! ನಮ್ಮ ಎರಡೂವರೆ ಜನಕ್ಕೆ ಅಷ್ಟು ಹಿಟ್ಟು ಎಲ್ಲಿಂದ ತರಲಿ? ಕೆಳಗಿನ ಮನೆಯವರ ಏಣಿ ತಂದು ಇವರು ಅದನ್ನು ಅಡುಗೆಮನೆಯ ಅಟ್ಟಕ್ಕೆ, ಟ್ರಂಕಿನ ಪಕ್ಕಕ್ಕೆ ಏರಿಸಿದರು. ಚಾಕು ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತಿ, ಎರಡು ಗಂಟು ಹಾಕಿ, ಹಿಟ್ಟಿನೊಳಗೆ ಹೂತಿಡುವ ನಮ್ಮ ಮನೆ ಪದ್ಧತಿ ಹೇಳಿದೆ. ಇವರು ಕೆಮ್ಮು ಬರುವ ತನಕ ನಕ್ಕರು.

"ಯಾಕೆ ಹಂಗೆ?"

"ತುಕ್ಕು ಹಿಡೀಬಾರ್ದು ಅಂತ."

"ಯಾರು ಹೇಳಿದ್ದು?"

"ಅಕ್ಕ."

"ಹಿಟ್ಟು ತೇವ ಎಳೆಯುತ್ತೆ ಕಣೆ. ಅದರಲ್ಲಿಟ್ರೇ ಬೇಗ ತುಕ್ಕು ಹಿಡಿಯೋದು. ಕಬ್ಬಿಣದ ವಿಷಯ ಕಬ್ಬಿಣದವನನ್ನ ಕೇಳು."

ಅಡುಗೆಮನೆ ಗೋಡೆಗೆ ಒಂದು ಪಟ್ಟಿ ಹೊಡೆದು ಕೊಟ್ಟಿದ್ದಾರೆ. ಎರಡು ಚಾಕು, ಒಂದು ಕತ್ತರಿ ಅಲ್ಲಿ ನೇತಾಡುತ್ತವೆ. ಗುಂಡನನ್ನು ಎತ್ತಿಕೊಂಡು ಒಳಗೆ ಹೋದಾಗಲೆಲ್ಲ ಆ ಮೂರೂ ನನ್ನ ಕಡೆ ತಿರುಗಿದಂತೆ ಅನಿಸುತ್ತದೆ. ನಿದ್ದೆಗೆಟ್ಟ ಕಣ್ಣಿಗೆ ಏನೇನೋ.

ನಿನ್ನ
ಗುಬ್ಬಿ


ಮಾರ್ಚ್ ೧೨

ಗುಬ್ಬಿ,

ಕಾಗದ ತಲುಪಿತು. ಸ್ಕೂಲು ಬಟ್ಟೆಗಳ ಕಾಲ, ನೂರಾ ಎಂಬತ್ತು ನಿಲುವಂಗಿಗೆ ಕಾಲರ್ ಕೂರಿಸುವುದಿದೆ, ಅದಕ್ಕೇ ಚುಟುಕು.

ಡಬ್ಬ ಅಟ್ಟದ ಮೇಲಿಡಲು ಕೊಟ್ಟದ್ದಲ್ಲ. ಕೆಳಗಿಳಿಸು. ಅರ್ಧ ಹಿಟ್ಟು ತುಂಬಿಸಿದರೂ ಸಾಕು. ಚಾಕು ಕತ್ತರಿ ಮೊದಲಿನಂತೆ ಅದರಲ್ಲೇ ಇರಲಿ. ನಿನ್ನ ಯಜಮಾನರಿಗೆ ಬೀಗ ಗೊತ್ತಿರಬಹುದು, ನಮ್ಮ ಮನೆ ಗೊತ್ತಿಲ್ಲ. ವಾದ ಮಾಡಬೇಡ.

ಮಗು ಮಲಗಿದಾಗ ನೀನೂ ಮಲಗು. ಆಗ ಪಾತ್ರೆ ತೊಳೆಯುತ್ತಾ ಕೂರಬೇಡ.

ಅಕ್ಕ


ಮಾರ್ಚ್ ೨೯

ಅಕ್ಕಾ,

ಡಬ್ಬ ಇಳಿಸಲಿಲ್ಲ. ಇವರಿಗೆ ಹೇಳಿದರೆ "ನಿಮ್ಮಕ್ಕ ಇಷ್ಟು ದೂರದಿಂದ ಅಡುಗೆಮನೆ ನಡೆಸ್ತಾರಲ್ಲ" ಎಂದು ಮತ್ತೆ ನಗುತ್ತಾರೆಂದು ಬಿಟ್ಟೆ. ಈಗ ಇಳಿಸಿದರೂ ಒಳಗಿಡಲು ಏನೂ ಇಲ್ಲ. ಚಾಕುಗಳು ಕಾಣೆಯಾಗಿವೆ.

ಹೋದ ಸೋಮವಾರ ದೊಡ್ಡದು. ಬುಧವಾರ ಚಿಕ್ಕದು. ಇವರು ಹೊಸದೊಂದು ತಂದರು, ಶನಿವಾರ ಅದೂ ಇಲ್ಲ. ನಿನ್ನೆ ಕತ್ತರಿ. ಹಾಸಿಗೆ ಕೊಡವಿದೆ, ಕಸದ ಬುಟ್ಟಿ ನೆಲಕ್ಕೆ ಸುರಿದೆ, ತೊಟ್ಟಿಲ ಬಟ್ಟೆ ಒಂದೊಂದೇ ಬಿಡಿಸಿ ನೋಡಿದೆ. ತರಕಾರಿಯನ್ನು ಕೈಯಲ್ಲಿ ಮುರಿದು ಬೇಯಿಸುತ್ತಿದ್ದೇನೆ.

ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಟೀಚರಮ್ಮನನ್ನು ಕೇಳಿದೆ. ನಿವೃತ್ತಿಯಾಗಿ ಹತ್ತು ವರ್ಷವಾದರೂ ಮಾತಾಡುವಾಗ ಬೆರಳು ಎತ್ತುತ್ತಾರೆ.

"ನಿಮಗಿಂತ ಮುಂಚೆ ಇದ್ದವಳು ಗಲಾಟೆ ಹೆಂಗಸು. ಹೋಗ್ತಾ ನನ್ನ ಇಕ್ಕಳಾನೂ ತಗೊಂಡು ಹೋದ್ಲು. ಅವಳ ಹತ್ರ ಒಂದು ಕೀಲಿ ಉಳಿದಿದ್ರೂ ಇರಬಹುದು ಕಣಮ್ಮ."

"ಬರೀ ಚಾಕು ಕದಿಯೋಕೆ ಬರ್ತಾಳಾ?"

"ಇಕ್ಕಳ ಕದ್ದೋಳು ಚಾಕು ಬಿಡ್ತಾಳಾ?"

ಇವರು ಅಂದೇ ಬೀಗ ಬದಲಿಸಿದರು. ಎರಡೇ ಕೀಲಿ, ಒಂದು ಇವರ ಸೊಂಟದಲ್ಲಿ, ಒಂದು ನನ್ನ ಕುತ್ತಿಗೆಯ ದಾರದಲ್ಲಿ. ಆದರೂ ಅಕ್ಕಾ, ಮನೆಯಲ್ಲಿ ಯಾರೋ ಇದ್ದಾರೆ. ನಾನು ಮಡಿಸದ ಮಗುವಿನ ಬಟ್ಟೆ ನಾಲ್ಕು ಮಡಿಕೆಯಾಗಿರುತ್ತದೆ. ನಾನು ಮುಚ್ಚದ ಕಿಟಕಿ ಮುಚ್ಚಿರುತ್ತದೆ, ಚಿಲಕದ ಸಂದಿಗೆ ಮಡಿಸಿದ ಕಾಗದ ತುರುಕಿರುತ್ತದೆ. ಚಾಕು ಕದ್ದವರು ಅದನ್ನು ಏನು ಮಾಡಲು ಇಟ್ಟುಕೊಂಡಿದ್ದಾರೆ? ಗುಂಡನನ್ನು ಕೆಳಗಿಳಿಸಲು ಭಯ. ಎತ್ತಿಕೊಂಡಿರಲೂ ಭಯ.

ಗುಬ್ಬಿ


ಏಪ್ರಿಲ್ ೬

ಗುಬ್ಬಿ,

ಗುಂಡನಿಗೆ ಎರಡು ಅಂಗಿ ಕಳಿಸಿದ್ದೇನೆ. ನೀಲಿಯದು ಈಗಲೇ ಆಗುತ್ತದೆ, ಇನ್ನೊಂದು ಮುಂದಿನ ತಿಂಗಳಿಗೆ.

ಹಳೆಯ ಬಾಡಿಗೆಯವಳ ಕಥೆ ಬಿಡು. ನೀನು ದಿನಕ್ಕೆ ಎಷ್ಟು ಹೊತ್ತು ಮಲಗುತ್ತೀ, ಗಂಟೆ ಲೆಕ್ಕ ಬರೆ. ಸುಳ್ಳು ಬರೆಯಬೇಡ. ಯಾವುದು ಯಾವುದಾದ ಮೇಲೆ ಕಾಣೆಯಾಯಿತು, ಅದನ್ನೂ ಕ್ರಮವಾಗಿ ಬರೆ. ಯಾಕೆಂದು ಕೇಳಬೇಡ.

ಅಕ್ಕ


ಏಪ್ರಿಲ್ ೧೪

ಅಕ್ಕಾ,

ನೀನು ಕೇಳಿದ ಲೆಕ್ಕ: ನಿದ್ದೆ ಎರಡು ಗಂಟೆ, ಅದೂ ತುಂಡು ತುಂಡು. ಕಾಣೆಯಾದದ್ದು ಮೊದಲು ಚಾಕು, ಆಮೇಲೆ ಕತ್ತರಿ, ಆಮೇಲೆ ಬೆಂಕಿಪೊಟ್ಟಣ, ನಿನ್ನೆ ಬಟ್ಟೆ ಒಣಗಿಸುವ ಹಗ್ಗ. ಒದ್ದೆ ಬಟ್ಟೆಗಳನ್ನು ಯಾರೋ ಕುರ್ಚಿಗಳ ಮೇಲೆ ನೀಟಾಗಿ ಹರವಿ ಹಗ್ಗ ಬಿಚ್ಚಿಕೊಂಡು ಹೋಗಿದ್ದರು. ಕಳ್ಳರು ಹೀಗೆ ಮಾಡುತ್ತಾರಾ?

ಇವರು ಬೀಗದವರ ಒಂದು ಉಪಾಯ ಮಾಡಿದ್ದಾರೆ. ಬೆಳಿಗ್ಗೆ ಹೋಗುವಾಗ ಹೊರಗಿನ ಕೀಲಿಕಂಡಿಗೆ ತೆಳ್ಳಗೆ ಮೇಣ ಸವರುತ್ತಾರೆ. ಯಾವ ಕೀಲಿ ಹೊಕ್ಕರೂ ಗುರುತು ಬೀಳುತ್ತದೆ. ಸಂಜೆ ಬಂದು, ಶೂ ಕೂಡ ಬಿಚ್ಚದೆ, ಭೂತಗನ್ನಡಿ ಹಿಡಿದು ಬಾಗುತ್ತಾರೆ. ಎಂಟು ದಿನದಿಂದ ಮೇಣ ಹಾಗೇ ಇದೆ. ಎಂಟನೇ ದಿನ ಇವರು ಬಹಳ ಹೊತ್ತು ಬಾಗಿಯೇ ಇದ್ದರು. "ಏನು?" ಅಂದೆ. "ಏನಿಲ್ಲ, ಸೊಂಟ ಹಿಡೀತು" ಅಂದರು.

ಒಂದು ಮಾತು, ನಗಬೇಡ. ಅಮ್ಮನ ಮುಖ ನನಗೆ ಗೊತ್ತಿಲ್ಲ. ನಾನು ನಾಲ್ಕು ತಿಂಗಳಿನವಳಿದ್ದಾಗ ಜ್ವರದಲ್ಲಿ ಹೋದಳು ಎಂದಷ್ಟೇ ನೀನು ಹೇಳಿದ್ದು. ಹೋದವರು ಮೊಮ್ಮಗನನ್ನು ನೋಡಲು ಬರುತ್ತಾರಾ? ಬಂದರೆ ಚಾಕು ಯಾಕೆ ಒಯ್ಯುತ್ತಾರೆ? ಅಮ್ಮ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡುತ್ತಿದ್ದಳಾ, ಅದೊಂದು ಹೇಳು.

ಗುಬ್ಬಿ

ಅತ್ತಿಗೆ, ನಿಮ್ಮ ಗುಬ್ಬಿ ಪೋಸ್ಟ್ ಮಾಡಲು ನನ್ನ ಕೈಗೆ ಕೊಟ್ಟ ಲಕೋಟೆಯನ್ನು ಬಿಚ್ಚಿ ಈ ಸಾಲು ಸೇರಿಸುತ್ತಿದ್ದೇನೆ, ಕ್ಷಮಿಸಿ. ಹೊರಗಿನಿಂದ ಯಾರೂ ಬರುತ್ತಿಲ್ಲ. ಮೊನ್ನೆ ಅವಳ ಮೊಣಕೈ ತನಕ ಹಳೆಯ ಹಿಟ್ಟಿನ ಪುಡಿ ಇತ್ತು, ಅವಳಿಗೆ ಅದು ಕಾಣಿಸಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಅಟ್ಟ ಹತ್ತಿ ನಿಮ್ಮ ಡಬ್ಬ ತೆರೆದು ನೋಡಿದೆ. ನೋಡಿ, ಹಾಗೇ ಮುಚ್ಚಿದೆ. ಹೇಳಿದರೆ ಅವಳು ಒಡೆದುಹೋಗುತ್ತಾಳೆ ಅನಿಸುತ್ತದೆ. ಇದು ಏನೆಂದು ನಿಮಗೆ ಗೊತ್ತಿದ್ದರೆ ನನ್ನ ಅಂಗಡಿ ವಿಳಾಸಕ್ಕೆ ಬರೆಯಿರಿ.


ಏಪ್ರಿಲ್ ೩೦

ಅಕ್ಕಾ,

ಹದಿನಾರು ದಿನ. ಒಂದು ಸಾಲೂ ಇಲ್ಲ. ಅಮ್ಮನ ವಿಷಯ ಕೇಳಿದ್ದಕ್ಕೆ ಕೋಪವಾ? ಚಿಕ್ಕವಳಿದ್ದಾಗಲೂ ಅಷ್ಟೆ, ಅಮ್ಮ ಅಂದ ಕೂಡಲೇ ನೀನು ಮಿಶನ್ ಜೋರಾಗಿ ತುಳಿಯುತ್ತಿದ್ದೆ.

ಇವರೂ ಬದಲಾಗಿದ್ದಾರೆ. ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬರುತ್ತಾರೆ, ಊಟ ಮುಗಿದರೂ ಹೋಗುವುದಿಲ್ಲ. ನಾನು ಗುಂಡನನ್ನು ಎತ್ತಿಕೊಂಡರೆ ಓದುತ್ತಿದ್ದ ಪೇಪರು ನಿಂತುಬಿಡುತ್ತದೆ. ನನ್ನನ್ನೇ ಕಳ್ಳಿ ಎಂದುಕೊಂಡಿದ್ದಾರೆ ಅಕ್ಕಾ. ಸ್ವಂತ ಮನೆಯ ಚಾಕು ಕದಿಯುವ ಕಳ್ಳಿ.

ನಿನ್ನೆ ಗುಂಡನ ಪುಟ್ಟ ತಲೆದಿಂಬೂ ಹೋಯಿತು.

ಗುಬ್ಬಿ


ಮೇ ೬

ಅಕ್ಕಾ,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ.

ಇವತ್ತು ಬೆಳಿಗ್ಗೆ ಕಸ ಹಾಕಲು ಇಳಿದೆ. ಮೆಟ್ಟಿಲ ಬುಡದಲ್ಲಿ ಟೀಚರಮ್ಮ ಹಿಡಿದುಕೊಂಡರು.

"ಏನಮ್ಮ, ಈ ವಾರ ಏಣಿ ಬೇಡ್ವಾ? ಮೂರು ದಿನಕ್ಕೊಂದು ಸಲ ಒಯ್ತಿದ್ದೆ. ಅಟ್ಟದ ಮೇಲೇನು ಇನ್ನೊಂದು ಸಂಸಾರ ಹೂಡಿದೀಯಾ?"

"ಯಾವ ಏಣಿ?"

"ಹೋಗಮ್ಮ, ತಮಾಷೆ ಮಾಡ್ತೀಯ. ಹನ್ನೊಂದು ಗಂಟೆಗೆ ಬರ್ತೀಯ, ಮಗೂನ ನನ್ನ ತೊಡೆ ಮೇಲೆ ಹಾಕ್ತೀಯ, ಏಣಿ ಎತ್ಕೊಂಡು ಹೋಗ್ತೀಯ. ಹತ್ತು ನಿಮಿಷಕ್ಕೆ ವಾಪಸ್. ಹೋಗುವಾಗ ಪ್ರತಿ ಸಲ ಒಂದೇ ಮಾತು, 'ಇನ್ನು ಏಣಿ ನಾನೇ ಬಂದು ಕೇಳಿದ್ರೂ ಕೊಡಬೇಡಿ' ಅಂತ. ನಾನು ನಗ್ತೀನಿ. ನೀನು ನಗಲ್ಲ."

ಅಕ್ಕಾ, ನನಗೆ ಒಂದು ಸಲವೂ ನೆನಪಿಲ್ಲ. ಹನ್ನೊಂದು ಗಂಟೆಗೆ ನಾನು ಗುಂಡನಿಗೆ ಹಾಲು ಕೊಟ್ಟು ಗೋಡೆಗೆ ಒರಗುತ್ತೇನೆ. ಕಣ್ಣು ತೆರೆದಾಗ ಹನ್ನೆರಡು. ನನಗೆ ಗೊತ್ತಿರುವುದು ಅಷ್ಟೆ.

ಏಣಿ ತಂದೆ. ಈ ಸಲ ಗೊತ್ತಿದ್ದು ತಂದೆ. ಟೀಚರಮ್ಮ ಕೆಳಗೆ ಗುಂಡನನ್ನು ಹಿಡಿದುಕೊಂಡು ನಿಂತಿದ್ದರು. ಡಬ್ಬದ ಮುಚ್ಚಳ ತೆಗೆದೆ. ಎಲ್ಲವೂ ಅಲ್ಲಿದೆ. ಮೂರು ಚಾಕು, ಕತ್ತರಿ, ಬೆಂಕಿಪೊಟ್ಟಣ, ಹಗ್ಗ, ಎಲ್ಲಕ್ಕಿಂತ ಮೇಲೆ ತಲೆದಿಂಬು. ಒಂದೊಂದನ್ನೂ ಗುಂಡನ ಬಟ್ಟೆಯಲ್ಲಿ ಸುತ್ತಿ ಎರಡು ಗಂಟು ಹಾಕಿ ಇಡಲಾಗಿದೆ. ನನ್ನ ಗಂಟು. ನೀನು ಕಲಿಸಿದ ಗಂಟು.

ಇದುವರೆಗೆ ಬರೆಯದ ಒಂದು ವಿಷಯ ಇದೆ. ಗೋಡೆಯ ಮೇಲೆ ಚಾಕು ನೇತುಹಾಕಿದ ದಿನದಿಂದ ಕಣ್ಣ ಮುಂದೆ ಒಂದು ಚಿತ್ರ ಬರುತ್ತದೆ. ಕೈ ನನ್ನದೇ. ಕಿಟಕಿ ಹತ್ತಿರ ನಿಂತರೆ ಇನ್ನೊಂದು ಚಿತ್ರ. ನಾನು ಹಾಗೆ ಮಾಡುವವಳಲ್ಲ ಅಕ್ಕಾ, ಅವನ ಉಗುರು ಕತ್ತರಿಸುವಾಗಲೂ ಉಸಿರು ಬಿಗಿಹಿಡಿಯುತ್ತೇನೆ. ಆದರೂ ಬರುತ್ತದೆ. ಯಾರಿಗೂ ಹೇಳಿಲ್ಲ. ಹೇಳಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ. ಹೇಳದಿದ್ದರೆ?

ಇವರು ಕೀಲಿಕಂಡಿ ಕಾಯುತ್ತಿದ್ದರು. ನಾನು ಒಳಗಿದ್ದೆ.

ಗುಬ್ಬಿ


ಮೇ ೧೧

ನನ್ನ ಗುಬ್ಬಿ,

ಈ ಕಾಗದವನ್ನು ನಿನ್ನ ಯಜಮಾನರ ಎದುರಿಗೆ ಕೂತು ಓದು. ಅವರು ನಿನ್ನನ್ನು ಕಳ್ಳಿ ಎಂದುಕೊಂಡಿಲ್ಲ. "ಒಬ್ಬಳನ್ನೇ ಬಿಡಬೇಡಿ" ಎಂದು ನಾನೇ ಅವರ ಅಂಗಡಿಗೆ ಎರಡು ಸಾಲು ಬರೆದಿದ್ದೆ. ನಿನಗೆ ಬರೆದದ್ದನ್ನು ಏಳು ಸಲ ಹರಿದೆ. ಕತ್ತರಿಸಿ ಹಾಳು ಮಾಡಿದರೆ ಬಟ್ಟೆಗಾದರೂ ತೇಪೆ ಹಾಕಬಹುದು.

ತುಕ್ಕಿನ ಮಾತು ಸುಳ್ಳು.

ನೀನು ಹುಟ್ಟಿದ ಮೇಲೆ ಅಮ್ಮ ನಿದ್ದೆ ಬಿಟ್ಟಳು. ಮೊದಲು ಚಾಕು ಹಿಟ್ಟಿನ ಡಬ್ಬಕ್ಕೆ ಹೋಯಿತು. ಆಮೇಲೆ ಕತ್ತರಿ. ಆಮೇಲೆ ಬೆಂಕಿಪೊಟ್ಟಣ, ಆಮೇಲೆ ಹಗ್ಗ. ನಾನು ಹನ್ನೊಂದು ವರ್ಷದವಳು, ಅಮ್ಮ ಹೊಸ ಆಟ ಆಡುತ್ತಾಳೆ ಎಂದುಕೊಂಡು ಗಂಟು ಹಾಕಲು ಬೆರಳು ಕೊಡುತ್ತಿದ್ದೆ. ಒಂದು ದಿನ ಕೇಳಿದೆ, "ಯಾರಿಂದ ಬಚ್ಚಿಡ್ತಿದೀಯಮ್ಮ?" "ನನ್ನಿಂದ" ಅಂದಳು. ನಾನು ನಕ್ಕೆ.

ಕೊನೆಗೆ ಹಾಕಿದ್ದು ನಿನ್ನ ತಲೆದಿಂಬು.

ಮಾರನೆಯ ದಿನ ಮಧ್ಯಾಹ್ನ ನಿನ್ನನ್ನು ನನ್ನ ತೊಡೆಗೆ ಹಾಕಿ, "ನಾನು ಹೊರಗೆ ಹೋದ ಕೂಡಲೇ ಮೇಲಿನ ಚಿಲಕ ಹಾಕ್ಕೋ. ಅಪ್ಪ ಬರೋ ತನಕ ಯಾರಿಗೂ ತೆಗೀಬೇಡ. ನಾನೇ ಬಂದು ಕೇಳಿದ್ರೂ ತೆಗೀಬೇಡ" ಎಂದಳು. ಚಿಲಕ ನನಗೆ ಎಟುಕುತ್ತಿರಲಿಲ್ಲ. ಆ ಡಬ್ಬದ ಮೇಲೆ ಹತ್ತಿ ಹಾಕಿದೆ. ಸುಮಾರು ಹೊತ್ತಾದ ಮೇಲೆ ಅಮ್ಮ ಬಾಗಿಲು ತಟ್ಟಿದಳು. "ತೆಗಿ ಮಗಾ, ಒಂದು ಸಲ ನೋಡಿ ಹೋಗ್ತೀನಿ" ಎಂದಳು. ಮೂರು ಸಲ ಹೇಳಿದಳು. ನಾನು ನಿನ್ನ ಕಿವಿ ಮುಚ್ಚಿಕೊಂಡು ಡಬ್ಬದ ಮೇಲೆ ಕೂತೆ. ಹೇಳಿದ ಮಾತು ಕೇಳುವ ಹುಡುಗಿ ನಾನು.

ಸಂಜೆ ಕಾಲುವೆ ಹತ್ತಿರ ಅಮ್ಮನ ಚಪ್ಪಲಿ ಸಿಕ್ಕಿತು. ಜ್ವರ ಎಂದು ಅಪ್ಪ ಎಲ್ಲರಿಗೂ ಹೇಳಿದರು. ನಾನೂ ಹೇಳಿದೆ. ಇಪ್ಪತ್ತಾರು ವರ್ಷದಿಂದ ಬಾಗಿಲು ತಟ್ಟಿದ ಸದ್ದಾದರೆ ಅಂಗಡಿಯಲ್ಲಿ ನನ್ನ ಸೂಜಿ ಮುರಿಯುತ್ತದೆ. ತೆಗೆದಿದ್ದರೆ ಅಮ್ಮ ಇರುತ್ತಿದ್ದಳಾ, ನೀನು ಇರುತ್ತಿರಲಿಲ್ಲವಾ, ಗೊತ್ತಿಲ್ಲ.

ಆಮೇಲೆ ಅಮ್ಮ ಮಾಡುತ್ತಿದ್ದದ್ದನ್ನೇ ಮಾಡುತ್ತಾ ನಿನ್ನನ್ನು ಸಾಕಿದೆ. ಯಾಕೆಂದು ನೀನು ಕೇಳಿದಾಗ ತುಕ್ಕು ಎಂದು ಬಾಯಿಗೆ ಬಂತು. ಚಾಕು, ಕತ್ತರಿ ನನ್ನಿಂದ ಕಲಿತೆ, ಸರಿ. ಬೆಂಕಿಪೊಟ್ಟಣ, ಹಗ್ಗ ಭಯದಲ್ಲಿ ತಾನಾಗಿ ಹೊಳೆದಿರಬಹುದು. ತಲೆದಿಂಬನ್ನು ನಾನು ಯಾವತ್ತೂ ಡಬ್ಬದಲ್ಲಿ ಇಟ್ಟವಳಲ್ಲ. ಯಾರಿಗೂ ಹೇಳಿದವಳೂ ಅಲ್ಲ. ಅದನ್ನು ನಿನಗೆ ಯಾರು ಹೇಳಿಕೊಟ್ಟರು ಗುಬ್ಬಿ?

ನಿನಗೆ ಬಂದಿರುವುದು ಕೆಟ್ಟ ಬುದ್ಧಿಯಲ್ಲ, ಕಾಯಿಲೆ. ಅಮ್ಮನಿಗೆ ಬಂದದ್ದೂ ಅದೇ. ಅವಳು ಹೇಳಿಕೊಂಡದ್ದು ಹನ್ನೊಂದು ವರ್ಷದ ಹುಡುಗಿಗೆ. ನೀನು ದೊಡ್ಡವರಿಗೆ ಹೇಳು. ಇವತ್ತೇ ಡಾಕ್ಟರ ಹತ್ತಿರ ಹೋಗು. ಇರುವ ಕೆಲಸ ಹುಡುಗಿಯರಿಗೆ ಒಪ್ಪಿಸಿ ನಾನು ಹೊರಡುತ್ತೇನೆ. ಇಪ್ಪತ್ತೆಂಟಕ್ಕೆ ಅಲ್ಲಿರುತ್ತೇನೆ.

ಅಕ್ಕ


ಮೇ ೨೪

ಅಕ್ಕಾ,

ನೀನು ಬಸ್ಸು ಹತ್ತುವ ಮುಂಚೆ ಈ ಕಾಗದ ಸಿಗಲಿ ಎಂದು ಟೀಚರಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರು ಪೋಸ್ಟಿನವರಿಗೂ ಬೆರಳು ಎತ್ತಿ ಹೇಳುತ್ತಾರೆ, ಬೇಗ ತಲುಪುತ್ತದೆ.

ಎದುರಿಗೆ ಕೂತು ಓದು ಎಂದೆಯಲ್ಲ, ಓದಲಾಗಲಿಲ್ಲ. ಇವರೇ ಓದಿದರು. ಆಮೇಲೆ ನಾನು ಚಿತ್ರಗಳ ವಿಷಯ ಹೇಳಿದೆ. ಎಲ್ಲವನ್ನೂ. ಹೇಳಿ, "ನನ್ನ ಹೊರಗೆ ಹಾಕಿ ಚಿಲಕ ಹಾಕ್ಕೊಳ್ಳಿ. ನಾನು ಕೇಳಿದ್ರೂ ತೆಗೀಬೇಡಿ" ಎಂದೆ. ಆ ಮಾತು ನನ್ನ ಬಾಯಿಂದ ಬಂದಾಗ ಇವರು ನಿನ್ನ ಕಾಗದ ಕೆಳಗಿಟ್ಟರು.

ಇವರು ಎದ್ದರು. ಗುಂಡನನ್ನು ಹೆಗಲಿಗೆ ಹಾಕಿಕೊಂಡರು. ಒಂದೇ ಕೈಯಲ್ಲಿ ಸ್ಕ್ರೂ ತಿರುಗಿಸಿ ಬಾಗಿಲ ಮೇಲಿನ ಚಿಲಕವನ್ನೇ ಕಳಚಿದರು. "ಬೀಗದವನ ಮನೇಲಿ ಚಿಲಕ ಇಲ್ಲ ಅಂದ್ರೆ ವ್ಯಾಪಾರ ಮುಗೀತು" ಎಂದು ನಗಲು ನೋಡಿದರು, ಆಗಲಿಲ್ಲ. ಚೌಕಟ್ಟಿನಲ್ಲಿ ನಾಲ್ಕು ತೂತು ಉಳಿದಿವೆ.

ಅದೇ ಸಂಜೆ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಬೆಚ್ಚಿಬೀಳಲಿಲ್ಲ. "ಇದನ್ನ ಹೇಳೋಕೆ ಎಷ್ಟು ದಿನ ತಗೊಂಡ್ರಿ?" ಎಂದು ಕೇಳಿದರು, ಅಷ್ಟೆ. ಮಾತ್ರೆ ಕೊಟ್ಟಿದ್ದಾರೆ, ವಾರಕ್ಕೆ ಎರಡು ಸಲ ಬರಲು ಹೇಳಿದ್ದಾರೆ. ಸದ್ಯಕ್ಕೆ ನಾನು ಮಗುವಿನೊಂದಿಗೆ ಒಬ್ಬಳೇ ಇರುವಂತಿಲ್ಲ. ಮೊನ್ನೆ ಐದು ಗಂಟೆ ಒಂದೇ ಸಮನೆ ಮಲಗಿದ್ದೆನಂತೆ. ಚಿತ್ರಗಳು ಪೂರ್ತಿ ಹೋಗಿಲ್ಲ. ಬಂದಾಗ ಇವರಿಗೆ "ಬಂತು" ಎನ್ನುತ್ತೇನೆ, ಇವರು ಕೈಯಲ್ಲಿದ್ದ ಕೆಲಸ ಬಿಟ್ಟು ಪಕ್ಕದಲ್ಲಿ ಕೂರುತ್ತಾರೆ. ಚಾಕುಗಳು ಟೀಚರಮ್ಮನ ಮನೆಯಲ್ಲಿವೆ; ತರಕಾರಿ ಹೆಚ್ಚಿಯೇ ಕಳಿಸುತ್ತಾರೆ, ಒಂದೊಂದು ಹೋಳೂ ಸ್ಕೇಲಿಟ್ಟು ಅಳೆದ ಹಾಗೆ. ಡಬ್ಬ ಕೆಳಗಿಳಿದಿದೆ. ಅದರಲ್ಲೀಗ ಬರೀ ಹಿಟ್ಟು.

ತಲೆದಿಂಬನ್ನು ಯಾರು ಹೇಳಿಕೊಟ್ಟರು ಎಂದು ನೀನು ಕೇಳಿದ್ದೆ. ನನಗೆ ಗೊತ್ತಿಲ್ಲ ಅಕ್ಕಾ. ಡಾಕ್ಟರಮ್ಮನಿಗೂ ಗೊತ್ತಿಲ್ಲ.

ನಿನ್ನೆ ಮಧ್ಯಾಹ್ನ ನಿದ್ದೆಯಿಂದ ಎದ್ದೆ. ಇವರು ಗುಂಡನನ್ನು ಎದೆಯ ಮೇಲೆ ಹಾಕಿಕೊಂಡು ಕೂತಲ್ಲೇ ತೂಕಡಿಸುತ್ತಿದ್ದರು. ಬಾಗಿಲು ತಟ್ಟಿದ ಸದ್ದಾಯಿತು. ಮೆತ್ತಗೆ, ಮೂರು ಸಲ. ಹೋಗಿ ತೆಗೆದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ನಿದ್ದೆಯ ಮಂಪರಿರಬಹುದು, ಮಾತ್ರೆಯದಿರಬಹುದು. ಆದರೂ ತಕ್ಷಣ ಮುಚ್ಚಲು ಮನಸ್ಸಾಗಲಿಲ್ಲ. ಒಂದು ಪಕ್ಕಕ್ಕೆ ಸರಿದು ನಿಂತೆ. ಒಬ್ಬರು ಒಳಗೆ ಬಂದು, ಮಗುವನ್ನು ಒಂದು ಸಲ ನೋಡಿ, ಹೋಗುವಷ್ಟು ಹೊತ್ತು ಬಾಗಿಲು ತೆಗೆದೇ ಇಟ್ಟಿದ್ದೆ.

ನಿನ್ನ
ಗುಬ್ಬಿ